ಬೆಂಗಳೂರಿನಿಂದ ಒಂದೇ ದಿನದ ಗೈಡ್ ಟೂರ್: ಸೋಮನಾಥಪುರ ಯಾಕೆ ತಪ್ಪಿತು?

ಗೈಡ್ ಜೊತೆ ಹೋದ ಒಂದೇ ದಿನದ ಟೂರಿನಲ್ಲಿ ಸೋಮನಾಥಪುರ ನೋಡಲಾಗಲಿಲ್ಲ, ಯಾಕೆ ಅಂತ ಕೇಳಿದ್ದೀರಿ. ಚನ್ನಪಟ್ಟಣ, ಶ್ರೀರಂಗಪಟ್ಟಣ, ರಂಗನತಿಟ್ಟು ಪಕ್ಷಿಧಾಮ, ಸೋಮನಾಥಪುರ, ಹೀಗೆ ನಿಮ್ಮ ಗೈಡ್ ನಾಲ್ಕೂ ಜಾಗ ಸರಿಯಾಗಿಯೇ ಆರಿಸಿದ್ದಾರೆ, ಸರದಿ ಮಾತ್ರ ತಪ್ಪು. ಬೆಳಿಗ್ಗೆಯೇ ಚನ್ನಪಟ್ಟಣದ ಗೊಂಬೆ ಅಂಗಡಿಗೆ ಇಳಿದರೆ ಒಂದೂವರೆ ಗಂಟೆ ಹೋಯಿತು ಅಂತಲೇ ಲೆಕ್ಕ. ಆಮೇಲೆ ಶ್ರೀರಂಗಪಟ್ಟಣ ಮುಟ್ಟುವಾಗ ರಂಗನಾಥನ ಗುಡಿಗೆ ಮಧ್ಯಾಹ್ನದ ಬಾಗಿಲು ಹಾಕಿರುತ್ತಾರೆ. ಅಲ್ಲಿ ಕಾದದ್ದಕ್ಕೇ ಸೋಮನಾಥಪುರ ತಪ್ಪಿದ್ದು.

ಮುಂದಿನ ಸಲ ಆರಕ್ಕೇ ಹೊರಡಿ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಹಿಡಿದು ನೇರ ರಂಗನತಿಟ್ಟಿಗೆ ಹೋಗಿ, ಮೊದಲ ದೋಣಿಗಳಲ್ಲೇ ಹತ್ತಿ. ಬಿಸಿಲೇರುವ ಮುಂಚೆ ಹಕ್ಕಿ ನೋಡುವುದೇ ಚೆಂದ. ಬಂಡೆ ಮೇಲೆ ಮೊಸಳೆಯೂ ಕಾಣಬಹುದು. ಮಳೆಗಾಲವಾದರೆ ದೋಣಿ ಖಾತ್ರಿ ಇಲ್ಲ. ಕೆಆರ್‌ಎಸ್ ಅಣೆಕಟ್ಟಿನಿಂದ ಜಾಸ್ತಿ ನೀರು ಬಿಟ್ಟರೆ ನಿಲ್ಲಿಸುತ್ತಾರೆ, ಹಿಂದಿನ ದಿನ ಫೋನ್ ಮಾಡಿ ಕೇಳಿಸಿ.

ಹನ್ನೊಂದಕ್ಕೆ ರಂಗನಾಥಸ್ವಾಮಿ ದರ್ಶನ, ಊಟ, ಆಮೇಲೆ ಬನ್ನೂರು ದಾರಿಯಲ್ಲಿ ಸೋಮನಾಥಪುರ. ಅಲ್ಲಿನ ಕೇಶವ ದೇವಾಲಯದಲ್ಲಿ ಪೂಜೆ ಇಲ್ಲ, ಪುರಾತತ್ವ ಇಲಾಖೆಯದು, ಹಾಗಾಗಿ ಮಧ್ಯಾಹ್ನವೂ ತೆರೆದಿರುತ್ತದೆ. ಇಲ್ಲಿಗೆ ಕಡಿಮೆ ಎಂದರೂ ಒಂದು ಗಂಟೆ ಇಡಿ. 1258ರ ಹೊಯ್ಸಳರ ಕೆಲಸ. ಹೊರಗೋಡೆಯ ಆನೆ, ಕುದುರೆ ಸಾಲುಗಳನ್ನು ಗೈಡ್ ಜೊತೆ ಒಂದು ಸುತ್ತು ಹಾಕಿಯೇ ನೋಡಬೇಕು, ಸುಮ್ನೆ ಫೋಟೊ ತೆಗೆದು ಬಂದರೆ ಏನೂ ಸಿಗಲ್ಲ. ಮೂರಕ್ಕೆ ಹೊರಟುಬಿಡಿ.

ಚನ್ನಪಟ್ಟಣವನ್ನು ವಾಪಸ್ ಬರುವಾಗ ನೋಡಿ. ಎಕ್ಸ್‌ಪ್ರೆಸ್‌ವೇ ಊರ ಹೊರಗೇ ಹೋಗುತ್ತದೆ, ಊರೊಳಗೆ ಇಳಿಯಬೇಕು ಅಂತ ಡ್ರೈವರ್‌ಗೆ ಮೊದಲೇ ಹೇಳಿ. ಹೆದ್ದಾರಿ ಅಂಗಡಿ ಬೇಡ. ಅರಗಿನ ಬಣ್ಣ ಹಚ್ಚುವುದನ್ನು ತೋರಿಸುವ ಕಾರ್ಖಾನೆಗೇ ಕರೆದುಕೊಂಡು ಹೋಗಿ ಅಂತ ಗೈಡ್‌ಗೆ ಬುಕ್ ಮಾಡುವಾಗಲೇ ತಿಳಿಸಿ. ಸಂಜೆ ತಡವಾದರೆ ಕೆಲಸಗಾರರು ಹೊರಟುಹೋಗಿರಬಹುದು, ಐದರೊಳಗೆ ಮುಟ್ಟಿ.