ಪ್ರತಿಕ್ರಿಯೆ: ಬೈಲುಗದ್ದೆಗೆ ಮಣ್ಣು ತುಂಬಿಸಬಹುದಾ?

ಉಡುಪಿ ಹತ್ತಿರದ 10 ಸೆಂಟ್ಸ್ ಬೈಲುಗದ್ದೆಗೆ, ಅಂದರೆ ಮಳೆನೀರು ನಿಲ್ಲುವ ತಗ್ಗಿನ ಗದ್ದೆಗೆ, ಮಣ್ಣು ಹೊಡೆಸಿ ಮನೆ ಕಟ್ಟಿದರೆ ಪಕ್ಕದವರಿಗೆ ನಿಜವಾಗಿ ತೊಂದರೆಯಾ ಅಂತ ಕೇಳಿದ್ದೀರಿ. ಆಗುತ್ತದೆ ಮಾರಾಯ್ರೆ. ಆ ಗದ್ದೆಯಲ್ಲಿ ಒಂದಡಿ ನೀರು ನಿಂತರೆ ಅದೇ ಸುಮಾರು 1.2 ಲಕ್ಷ ಲೀಟರ್. ನೀವು ಎತ್ತರಿಸಿದರೆ ಅಷ್ಟೂ ಪಕ್ಕದ ಅಂಗಳ ಹುಡುಕಿಕೊಂಡು ಹೋಗುತ್ತದೆ. 2020ರ ಸೆಪ್ಟೆಂಬರಿನಲ್ಲಿ ಸ್ವರ್ಣಾ ನದಿ ಉಕ್ಕಿದ್ದು ನೆನಪಿದೆಯಲ್ಲ?

ನಾವೂ ತುಂಬಿಸಿದವರೇ, ಸುಳ್ಳು ಯಾಕೆ. ಗದ್ದೆಯ ನೀರು ಹರಿದುಹೋಗುವ ತೋಡಿಗೆ ಒಂಬತ್ತಿಂಚಿನ ಪೈಪ್ ಹಾಕಿದ್ದೆವು. ಮೊದಲ ಆಟಿ ತಿಂಗಳ ಮಳೆಯಲ್ಲೇ ತೆಂಗಿನ ಗರಿ ಸಿಕ್ಕಿಕೊಂಡು ನಮ್ಮ ಬಾವಿಗೇ ಕೆಸರುನೀರು ನುಗ್ಗಿತು. ಕಟ್ಟಲೇಬೇಕಾದರೆ ಮನೆ ನಿಲ್ಲುವಷ್ಟು ಜಾಗಕ್ಕೆ ಮಾತ್ರ ಕೆಂಪುಕಲ್ಲಿನ ಪಂಚಾಂಗ (ಅಡಿಪಾಯ) ಏರಿಸಿ, ಉಳಿದದ್ದು ಗದ್ದೆಯಾಗಿಯೇ ಇರಲಿ. ತೋಡಿಗೆ ಪೈಪ್ ಬೇಡ, ಚಪ್ಪಡಿ ಹಾಸಿದ ಅಗಲದ ಮೋರಿ ಮಾಡಿಸಿ. ಅಂಗಳಕ್ಕೆ ಇಂಟರ್‌ಲಾಕ್ ಇಟ್ಟಿಗೆ ಬೇಡವೇ ಬೇಡ, ನೀರು ಸರಿಯಾಗಿ ಇಂಗುವುದಿಲ್ಲ. ಅಂದಹಾಗೆ, ಭೂಪರಿವರ್ತನೆ (ಕೃಷಿ ಜಾಗದಲ್ಲಿ ಮನೆ ಕಟ್ಟಲು ಸರ್ಕಾರದ ಅನುಮತಿ) ಆಗಿದೆಯಾ?