ಬಡಾವಣೆಗೆ ಮರುಜೀವ ಕೊಡುವಲ್ಲಿ ಸಾಮಾಜಿಕ ವಸತಿ ಸಂಸ್ಥೆಗಳ ಪಾತ್ರವೇನು?

ಸಾಮಾಜಿಕ ವಸತಿ ಅಂದರೆ ಕಡಿಮೆ ಬಾಡಿಗೆಯ ಮನೆಗಳು. ಬ್ರಿಟನ್ನಿನಲ್ಲಿ ಇಂಥ ಮನೆ ಕೊಡುವವರು ಮುಖ್ಯವಾಗಿ ಸ್ಥಳೀಯ ಕೌನ್ಸಿಲ್‌ಗಳು ಮತ್ತು ಲಾಭಕ್ಕಾಗಿ ನಡೆಯದ ಹೌಸಿಂಗ್ ಅಸೋಸಿಯೇಷನ್‌ಗಳು. ಬಿಲ್ಡರ್ ಮನೆ ಮಾರಿ ಹೊರಟುಹೋಗುತ್ತಾನೆ. ಇವರು ದಶಕಗಟ್ಟಲೆ ಅಲ್ಲೇ ಇರಬೇಕು. ಏರಿಯಾ ಹಾಳಾದರೆ ಪೆಟ್ಟು ಅವರಿಗೂ ಬೀಳುತ್ತದೆ, ಅಲ್ವಾ? ರಿಪೇರಿಯ ಜೊತೆಗೆ ಕೆಲಸದ ತರಬೇತಿ, ಸಾಲದ ಬಗ್ಗೆ ಸಲಹೆಗೂ ಹಲವರು ಕೈಹಾಕುವುದು ಇದಕ್ಕೇ.

ನನ್ನ ಪ್ರಕಾರ ಒಳ್ಳೆಯ ಉದಾಹರಣೆ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರ. ಅಲ್ಲಿ ಹಳೆಯ ಕಲ್ಲಿನ ವಠಾರಗಳನ್ನು ಸಾಲುಸಾಲಾಗಿ ಕೆಡವುತ್ತಿದ್ದರು. 1970ರ ದಶಕದಲ್ಲಿ ನಿವಾಸಿಗಳೇ ಸಮಿತಿಯಲ್ಲಿ ಕೂತು ನಡೆಸುವ ಸಣ್ಣ ಅಸೋಸಿಯೇಷನ್‌ಗಳು ಹುಟ್ಟಿಕೊಂಡವು. 1974ರ ವಸತಿ ಕಾಯ್ದೆಯಿಂದ ಸರ್ಕಾರದ ಅನುದಾನವೂ ಸಿಕ್ಕಿತು. ಕಟ್ಟಡ ಉಳಿಯಿತು, ಮನೆಯೊಳಗೇ ಬಚ್ಚಲು, ಶೌಚಾಲಯ ಬಂದವು. ಎಷ್ಟೋ ಜನ ತಮ್ಮ ಬೀದಿಯಲ್ಲೇ ಉಳಿದರು. ಇದು ಸಣ್ಣ ಮಾತಲ್ಲ.

ಎಲ್ಲ ಕಡೆ ಹೀಗಾಗಲಿಲ್ಲ. ಲಂಡನ್ನಿನ ಹೇಗೇಟ್ ಎಸ್ಟೇಟ್ ಎಂಬ ಕೌನ್ಸಿಲ್ ವಸತಿ ಬಡಾವಣೆಯಲ್ಲಿ ಸಾವಿರಕ್ಕೂ ಜಾಸ್ತಿ ಮನೆಗಳನ್ನು ಕೆಡವಿದರು. ಬದಲಿಗೆ ಎದ್ದ ಮನೆಗಳಲ್ಲಿ ಸಾಮಾಜಿಕ ಬಾಡಿಗೆಯವು ತೀರಾ ಕಡಿಮೆ. ಹಳೆಯ ನಿವಾಸಿಗಳು ಚದುರಿಹೋದರು. ಇಂಥದ್ದನ್ನು ಅಭಿವೃದ್ಧಿ ಅನ್ನಲು ನನಗೆ ಮನಸ್ಸಿಲ್ಲ. 2018ರಿಂದ ಲಂಡನ್ ಮೇಯರ್ ಆಡಳಿತದ ಹಣ ಬಳಸಿ ಸಾಮಾಜಿಕ ಮನೆಗಳನ್ನು ಕೆಡವುವ ದೊಡ್ಡ ಯೋಜನೆಗಳಿಗೆ ಮೊದಲು ನಿವಾಸಿಗಳ ಮತ ಪಡೆಯಬೇಕು.