ಓದುಗರ ಪ್ರಶ್ನೆ, ನಮ್ಮ ಉತ್ತರ: ಕೇದಾರದ ಹಾದಿ ಹಿಡಿಯುವ ಮುನ್ನ

ದಸರಾ ರಜೆಯಲ್ಲಿ ಕೇದಾರನಾಥಕ್ಕೆ ಹೊರಡುವವರ ಪತ್ರಗಳು ಈ ಸಲ ಬಹಳ ಬಂದಿವೆ. ಬಲಿಪಾಡ್ಯಮಿಯ ಮರುದಿನ, ಯಮದ್ವಿತೀಯದಂದು, ಅಲ್ಲಿ ಬಾಗಿಲು ಮುಚ್ಚುತ್ತದೆ. ಅಷ್ಟರೊಳಗೆ ಹೋಗಿಬರುವವರಿಗೆ ಉಪಯೋಗವಾಗಲೆಂದು ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಾವು ನಾಲ್ವರು. ತಂದೆಗೆ 66 ವರ್ಷ. ಆರು ದಿನ ರಜೆ ಇದೆ. ಬೆಳಿಗ್ಗೆ ಗೌರಿಕುಂಡ ಬಿಟ್ಟು ಸಂಜೆಗೆ ದರ್ಶನ, ಮರುದಿನ ಇಳಿಯುವುದು ಎಂದು ಟ್ರಾವೆಲ್ಸ್‌ನವರು ಹೇಳುತ್ತಾರೆ. ಆಗುತ್ತದೆಯೇ? (ಧಾರವಾಡದಿಂದ)

ಗಟ್ಟಿ ಕಾಲಿನ ಹುಡುಗರಿಗೆ ಆಗುತ್ತದೆ. ನಿಮ್ಮ ತಂದೆಯವರನ್ನು ಕರೆದುಕೊಂಡು ಹಾಗೆ ಹೋಗಬೇಡಿ.

ನಡಿಗೆ ಶುರುವಾಗುವ ಗೌರಿಕುಂಡದಿಂದ ದೇವಸ್ಥಾನಕ್ಕೆ 16 ಕಿ.ಮೀ. ಎಂಬ ಲೆಕ್ಕವನ್ನೇ ಎಲ್ಲರೂ ನೋಡುತ್ತಾರೆ. ನೋಡಬೇಕಾದ್ದು ಎತ್ತರದ ಲೆಕ್ಕ. ಗೌರಿಕುಂಡ ಸುಮಾರು 1,980 ಮೀಟರ್‌ನಲ್ಲಿದೆ, ದೇವಸ್ಥಾನ 3,583 ಮೀಟರ್‌ನಲ್ಲಿ. ಅಂದರೆ 1,600 ಮೀಟರ್ ಏರು. ಕುಕ್ಕೆಯಿಂದ ಕುಮಾರಪರ್ವತದ ತುದಿಗೆ ಹತ್ತಿದರೂ ಹೆಚ್ಚುಕಮ್ಮಿ ಇಷ್ಟೇ ಏರು. ಆದರೆ ಕುಮಾರಪರ್ವತದ ತುದಿ ಇರುವುದು 1,712 ಮೀಟರ್‌ನಲ್ಲಿ. ಅಲ್ಲಿ ಮುಗಿಯುವ ಎತ್ತರಕ್ಕಿಂತ ಮೇಲೆ ಕೇದಾರದ ನಡಿಗೆ ಶುರುವಾಗುತ್ತದೆ. ದೇವಸ್ಥಾನದ ಬಳಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಮಂಗಳೂರಿನಲ್ಲಿ ಸಿಗುವುದರ ಮೂರನೇ ಎರಡು ಪಾಲು. ಕಾಲು ತಯಾರಿದ್ದರೂ ರಕ್ತ, ಶ್ವಾಸಕೋಶಗಳು ಅದಕ್ಕೆ ಹೊಂದಿಕೊಳ್ಳಲು ರಾತ್ರಿಗಳು ಬೇಕು. ಗಂಟೆಗಳ ಲೆಕ್ಕದಲ್ಲಿ ಅದು ಆಗುವ ಕೆಲಸವಲ್ಲ.

ಹಾಗಾಗಿ ಎಂಟು ದಿನ ಹೊಂದಿಸಿಕೊಳ್ಳಿ. ಮೊದಲ ದಿನ ದೆಹಲಿ ಅಥವಾ ಡೆಹ್ರಾಡೂನ್ ಮೂಲಕ ಋಷಿಕೇಶ. ಎರಡನೇ ದಿನ ಬೆಳಿಗ್ಗೆ ಐದಕ್ಕೇ ಹೊರಟು ದೇವಪ್ರಯಾಗ, ಶ್ರೀನಗರ (ಕಾಶ್ಮೀರದ್ದಲ್ಲ, ಗಢವಾಲದ್ದು), ರುದ್ರಪ್ರಯಾಗದ ಮೇಲೆ ಗುಪ್ತಕಾಶಿ. ಸುಮಾರು 180 ಕಿ.ಮೀ. ದೂರಕ್ಕೆ ಎಂಟು ಗಂಟೆ ಹಿಡಿಯಿರಿ, ಗುಡ್ಡ ಜರಿದಿದ್ದರೆ ಇನ್ನೂ ಹೆಚ್ಚು. ಬೆಳಕಿದ್ದರೆ ಅಲ್ಲಿ ನಿಲ್ಲದೆ ಮುಂದೆ 30 ಕಿ.ಮೀ. ಸೋನಪ್ರಯಾಗಕ್ಕೆ ಹೋಗಿ. ನಿಮ್ಮ ಗಾಡಿ ಅಲ್ಲೇ ನಿಲ್ಲಬೇಕು. ಗೌರಿಕುಂಡದವರೆಗಿನ ಕೊನೆಯ ಐದು ಕಿ.ಮೀ.ಗೆ ಅಲ್ಲಿನ ಜೀಪು ಹತ್ತಬೇಕು. ರಾತ್ರಿ ಗೌರಿಕುಂಡದಲ್ಲಿ ಮಲಗಿದರೆ ಎರಡು ಲಾಭ: 1,300 ಮೀಟರ್ ಆಸುಪಾಸಿನ ಗುಪ್ತಕಾಶಿಗಿಂತ ಎತ್ತರದಲ್ಲಿ ಒಂದು ರಾತ್ರಿ ಕಳೆದಂತಾಯಿತು, ಬೆಳಗಿನ ಜೀಪಿನ ಸರದಿಯೂ ತಪ್ಪಿತು.

ಮೂರನೇ ದಿನ ಬೆಳಿಗ್ಗೆ ಐದಕ್ಕೆ ನಡಿಗೆ. ಜಂಗಲ್‌ಚಟ್ಟಿ, ಭೀಮಬಲಿ ದಾಟುವವರೆಗೆ, ಅಂದರೆ ಮೊದಲ ಆರು ಕಿ.ಮೀ., ಹಾದಿ ಹದವಾಗಿದೆ. 2013ರ ಜೂನ್ ಪ್ರವಾಹದಲ್ಲಿ ಹಾದಿಯ ತಂಗುದಾಣ ರಾಮಬಾಡಾ ಕೊಚ್ಚಿಹೋದ ಮೇಲೆ ದಾರಿಯನ್ನು ಮಂದಾಕಿನಿ ನದಿಯ ಆಚೆ ದಡಕ್ಕೆ ಬದಲಿಸಿದ್ದಾರೆ. ಸೇತುವೆ ದಾಟಿದ ಕೂಡಲೇ ಕಡಿದಾದ ಏರು ಶುರು. ಹೆಚ್ಚಿನವರು ಸೋಲುವುದು ಇಲ್ಲೇ, ಮೊದಲ ಆರು ಕಿ.ಮೀ. ಹುರುಪಿನಲ್ಲಿ ಬೀಸಾಗಿ ನಡೆದುಬಿಟ್ಟಿರುತ್ತಾರೆ. ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಲಾಗದಷ್ಟು ಏದುಸಿರು ಬಂದರೆ ವೇಗ ಹೆಚ್ಚಾಯಿತೆಂದೇ ತಿಳಿಯಿರಿ. ಆ ರಾತ್ರಿ ಲಿಂಚೋಲಿಯಲ್ಲಿ ತಂಗಿ. ಗಢವಾಲ್ ಮಂಡಲ ವಿಕಾಸ ನಿಗಮದ ಟೆಂಟುಗಳಿವೆ, ಮುಂಚೆಯೇ ಕಾದಿರಿಸಿಕೊಳ್ಳಿ. ನಾಲ್ಕನೇ ದಿನ ಉಳಿದ ನಾಲ್ಕೈದು ಕಿ.ಮೀ. ಆರಾಮವಾಗಿ ನಡೆದು ಬೆಳಿಗ್ಗೆ ಹತ್ತರ ಹೊತ್ತಿಗೆ ಕೇದಾರ ಸೇರಿ, ರಾತ್ರಿ ಅಲ್ಲೇ ಇರಿ. ಐದನೇ ದಿನ ಇಳಿದು ಗುಪ್ತಕಾಶಿ, ಆರನೇ ದಿನ ಋಷಿಕೇಶ, ಏಳನೇ ದಿನ ವಾಪಸ್. ಎಂಟನೆಯದು ಮಳೆಗೆ, ರಸ್ತೆ ಬಂದ್‌ಗೆ ಮೀಸಲು. ಅದನ್ನು ಹರಿದ್ವಾರ ನೋಡಲು ಮೊದಲೇ ಖರ್ಚು ಮಾಡಿಬಿಡಬೇಡಿ.

ಪ್ರಶ್ನೆ: ನನಗೆ ಬಿ.ಪಿ., ಸಕ್ಕರೆ ಕಾಯಿಲೆ ಎರಡೂ ಇವೆ. ಎತ್ತರದಲ್ಲಿ ತಲೆನೋವು ಬಂದರೆ ಕರ್ಪೂರ ಮೂಸಿದರೆ ಸಾಕು ಎನ್ನುತ್ತಾರೆ. ಆಕ್ಸಿಜನ್ ಡಬ್ಬಿ ಒಯ್ಯಬೇಕೇ? (ಶಿವಮೊಗ್ಗದಿಂದ)

ಕರ್ಪೂರದ ಘಾಟಿಗೆ ಮೂಗು ಬಿಟ್ಟಂತೆ ಅನಿಸುತ್ತದೆ, ಅಷ್ಟೆ. ರಕ್ತದಲ್ಲಿ ಆಮ್ಲಜನಕ ಅದರಿಂದ ಏರುವುದಿಲ್ಲ. ಅಂಗಡಿಯಲ್ಲಿ ಸಿಗುವ ಸ್ಪ್ರೇ ಡಬ್ಬಿ ಕೆಲವು ನಿಮಿಷಕ್ಕೆ ಖಾಲಿ. ಅದರಿಂದ ಹಾಯೆನಿಸಿ ಇನ್ನಷ್ಟು ಮೇಲೇರುವುದೇ ಅಪಾಯ.

ತಲೆನೋವಿನ ಜೊತೆ ವಾಕರಿಕೆ, ಊಟ ಸೇರದಿರುವುದು, ವಿಪರೀತ ಸುಸ್ತು ಇದ್ದರೆ ಎತ್ತರದ ಬೇನೆ ಶುರುವಾಗಿದೆ ಎಂದರ್ಥ. ಅಲ್ಲಿಂದ ಒಂದು ಹೆಜ್ಜೆಯೂ ಮೇಲೆ ಹೋಗಬೇಡಿ. ಇದ್ದಲ್ಲೇ ಬಿಸಿನೀರು ಕುಡಿದು ವಿಶ್ರಮಿಸಿ, ದಾರಿಯಲ್ಲಿರುವ ಆರೋಗ್ಯ ಶಿಬಿರದಲ್ಲಿ ತೋರಿಸಿ. ಕಡಿಮೆಯಾಗದಿದ್ದರೆ ಇಳಿಯಿರಿ. ಕುಳಿತಿದ್ದರೂ ಉಸಿರು ಸಿಗದಿರುವುದು, ನೊರೆ ಬರುವ ಕೆಮ್ಮು, ತುಟಿ ನೀಲಿಯಾಗುವುದು, ಅಸಂಬದ್ಧ ಮಾತು ಇವು ಕಂಡರೆ ಬೆಳಗಾಗಲೆಂದು ಕಾಯುವಂತಿಲ್ಲ, ಆಗಲೇ ಕೆಳಗಿಳಿಸಬೇಕು. ಅನುಮಾನವಿದ್ದರೆ ಒಂದು ಸುಲಭ ಪರೀಕ್ಷೆಯಿದೆ. ನೆಲದಲ್ಲಿ ಒಂದು ಗೆರೆ ಎಳೆದು, ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ಹತ್ತು ಹೆಜ್ಜೆ ನಡೆಸಿ ನೋಡಿ. ತೂರಾಡಿದರೆ ತಕ್ಷಣ ವೈದ್ಯರನ್ನು ಕರೆದು, ನಾಲ್ಕು ಜನ ಹೊತ್ತಾದರೂ ಕೆಳಗಿಳಿಸಬೇಕು.

ಅಸೆಟಜೋಲಮೈಡ್ ಮಾತ್ರೆಯನ್ನು ಸಾಮಾನ್ಯವಾಗಿ ಏರುವ ಹಿಂದಿನ ದಿನದಿಂದ 125 ಮಿ.ಗ್ರಾಂನಂತೆ ದಿನಕ್ಕೆರಡು ಸಲ ಕೊಡುತ್ತಾರೆ. ಸಲ್ಫಾ ಅಲರ್ಜಿ, ಮೂತ್ರಪಿಂಡದ ತೊಂದರೆ ಇದ್ದವರಿಗೆ ಅದು ಒಗ್ಗದು. ನೀವು ಬೇರೆ ಮಾತ್ರೆಗಳನ್ನೂ ನುಂಗುವವರು, ನಿಮ್ಮ ವೈದ್ಯರು ಹೇಳದೆ ಶುರು ಮಾಡಬೇಡಿ. ಬಿ.ಪಿ. ಮಾತ್ರೆ ಒಂದು ದಿನವೂ ತಪ್ಪಿಸಬೇಡಿ.

ಸಕ್ಕರೆ ಕಾಯಿಲೆಯವರು ಅಲ್ಲಿನ ಚಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಕೆಲಸಕ್ಕೆ ಬಾರದು. ಬ್ಯಾಗಿನ ಹೊರ ಜೇಬಿನಲ್ಲಿ ಇಡದೆ ಬನಿಯನ್ನಿಗೆ ತಾಗಿದಂತೆ ಒಳಗೆ ಇಟ್ಟುಕೊಳ್ಳಿ, ರಾತ್ರಿ ಹೊದಿಕೆಯೊಳಗೆ. ಗ್ಲುಕೋಮೀಟರ್ ಕೂಡ ಚಳಿಗೆ ತಪ್ಪು ತೋರಿಸುತ್ತದೆ ಅಥವಾ ಕೆಲಸವನ್ನೇ ನಿಲ್ಲಿಸುತ್ತದೆ. ಮೈಶಾಖದಲ್ಲಿ ಹತ್ತು ನಿಮಿಷ ಬೆಚ್ಚಗಾಗಿಸಿ ಬಳಸಿ. ದಿನವಿಡೀ ನಡೆದರೆ ಸಕ್ಕರೆ ಇಳಿಯುವುದೇ ಹೆಚ್ಚು, ಜೇಬಿನಲ್ಲಿ ಗ್ಲುಕೋಸ್, ಶೇಂಗಾ ಚಿಕ್ಕಿ ಇರಲಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೇದಾರದಲ್ಲಿ 85ರಿಂದ 90 ತೋರಿಸಿದರೆ, ನೀವು ಆರಾಮವಾಗಿದ್ದರೆ, ಗಾಬರಿ ಬೇಡ. ತಣ್ಣಗಾದ ಬೆರಳು ಸುಳ್ಳು ಹೇಳುತ್ತದೆ, ಕೈ ಉಜ್ಜಿ ಬಿಸಿ ಮಾಡಿ ಇನ್ನೊಮ್ಮೆ ನೋಡಿ.

ಪ್ರಶ್ನೆ: ಅಮ್ಮನಿಗೆ ಮಂಡಿನೋವು. ಕುದುರೆ ಒಳ್ಳೆಯದೋ, ಡೋಲಿಯೋ? (ಹಾಸನದಿಂದ)

ಮಂಡಿನೋವಿನವರಿಗೆ ಏರಿಗಿಂತ ಇಳಿತವೇ ಕಠಿಣ. ಅನೇಕರು ಹತ್ತಲು ಕುದುರೆ ಮಾಡಿ, ಇಳಿಯುವಾಗ ನಡೆದು ಮಂಡಿ ಊದಿಸಿಕೊಳ್ಳುತ್ತಾರೆ. ನೀವು ಡೋಲಿ ಎನ್ನುವ, ನಾಲ್ವರು ಹೊರುವ ಡಂಡಿ ದುಬಾರಿಯಾದರೂ ಅಮ್ಮನವರಿಗೆ ಅದೇ ಸೂಕ್ತ. ಒಬ್ಬರೇ ಬೆನ್ನಿಗೆ ಹೊರುವ ಬುಟ್ಟಿ, ಕಂಡಿ, ಹಗುರ ಮೈಯವರಿಗೆ ಮಾತ್ರ.

ಕುದುರೆ ಎಂದು ಕರೆಯುವುದರಲ್ಲಿ ಹೆಚ್ಚಿನವು ಹೇಸರಗತ್ತೆಗಳು. ಪ್ರೀಪೇಯ್ಡ್ ಕೌಂಟರಿನಲ್ಲೇ ಹಣ ಕಟ್ಟಿ ಚೀಟಿ ಪಡೆಯಿರಿ. ಹತ್ತುವ ಮುನ್ನ ಪ್ರಾಣಿಯನ್ನು ಒಮ್ಮೆ ನೋಡಿ. ಕುಂಟುತ್ತಿದ್ದರೆ, ಜೀನಿನ ಅಂಚಿನಲ್ಲಿ ಹುಣ್ಣು ಕಂಡರೆ ಬೇರೆಯದನ್ನು ಕೇಳಿ. ಗಾಯಗೊಂಡ ಪ್ರಾಣಿಯ ಮೇಲೆ ಕುಳಿತು ಪಶುಪತಿಯ ದರ್ಶನಕ್ಕೆ ಹೋಗುವುದು ಸಲ್ಲದು. ಏರುವಾಗ ಮುಂದಕ್ಕೆ, ಇಳಿಯುವಾಗ ಹಿಂದಕ್ಕೆ ಬಾಗಿ. ಕುಳಿತವರ ಮೈ ಬಿಸಿಯಾಗುವುದಿಲ್ಲ, ಕಾಲು ಜೋಮು ಹಿಡಿಯುತ್ತದೆ. ನಡೆಯುವವರಿಗಿಂತ ಒಂದು ಸ್ವೆಟರ್ ಹೆಚ್ಚೇ ಹಾಕಿಸಿ.

ನಡೆಯುವ ನೀವು ಒಂದು ಮಾತು ಮರೆಯಬೇಡಿ: ಗಂಟೆಯ ಸದ್ದು ಕೇಳಿದ ತಕ್ಷಣ ಗುಡ್ಡದ ಮಗ್ಗುಲಿಗೆ ಒರಗಿ ನಿಲ್ಲಿ. ಕಣಿವೆಯ ಮಗ್ಗುಲಿಗೆ ನಿಂತವರನ್ನು ಹೇಸರಗತ್ತೆಯ ಹೇರು ತಳ್ಳಿದರೆ ಹಿಡಿಯಲು ಏನೂ ಇರುವುದಿಲ್ಲ.

ಪ್ರಶ್ನೆ: ಬೂಟು, ಬಟ್ಟೆ ಏನೇನು ಬೇಕು? (ಬೆಂಗಳೂರಿನಿಂದ)

ಬೆನ್ನಿನ ಚೀಲ ಐದಾರು ಕಿಲೋ ದಾಟದಿರಲಿ, ಉಳಿದದ್ದನ್ನು ಕೆಳಗಿನ ಹೋಟೆಲಿನಲ್ಲಿ ಬಿಡಿ. ಹೊಸ ಬೂಟನ್ನು ಕನಿಷ್ಠ ಒಂದು ತಿಂಗಳು ಊರಲ್ಲೇ ತೊಟ್ಟು ಪಳಗಿಸಿ. ಅರ್ಧ ಸೈಜು ದೊಡ್ಡದು ಕೊಳ್ಳಿ, ಏಕೆಂದರೆ ಇಳಿಯುವಾಗ ಬೆರಳು ಮುಂದಕ್ಕೆ ಜಾರಿ ಬಡಿಯುತ್ತವೆ. ಉಗುರು ಕಪ್ಪಾಗುವುದು ಇದರಿಂದಲೇ. ಎರಡು ಮೂರು ದಿನ ಮೊದಲು ಉಗುರು ಕತ್ತರಿಸಿ, ಇಳಿಯುವ ಮುನ್ನ ಕಣಕಾಲಿನ ಹತ್ತಿರ ಲೇಸು ಬಿಗಿಯಾಗಿ ಕಟ್ಟಿ.

ಜೀನ್ಸ್ ಬೇಡ, ನೆನೆದರೆ ಒಣಗುವುದಿಲ್ಲ. ಒಂದು ದಪ್ಪ ಜಾಕೆಟ್‌ಗಿಂತ ತೆಳು ಒಳಬಟ್ಟೆ, ಉಣ್ಣೆಯ ಸ್ವೆಟರ್, ಗಾಳಿ ತಡೆಯುವ ಜರ್ಕಿನ್ ಹೀಗೆ ಮೂರು ಪದರ ಒಳ್ಳೆಯದು. ಚೀಲವನ್ನೂ ಮುಚ್ಚುವ ಪೋಂಚೋ ಅಕ್ಟೋಬರ್‌ನಲ್ಲೂ ಇರಲೇಬೇಕು. ಪ್ಲಾಸ್ಟಿಕ್ ಕವರಿನಲ್ಲಿ ಒಂದು ಒಣ ಬನಿಯನ್, ಒಂದು ಜೊತೆ ಉಣ್ಣೆ ಕಾಲುಚೀಲ ಬೇರೆಯೇ ಕಟ್ಟಿಡಿ. ಮೇಲೆ ತಲುಪಿದ ಕೂಡಲೇ, ಚಹಾಕ್ಕೂ ಮೊದಲು, ಬೆವರಿದ ಬನಿಯನ್ ಬದಲಿಸಿ. ನಿಂತ ಐದೇ ನಿಮಿಷಕ್ಕೆ ಆ ಬೆವರು ಬೆನ್ನ ಮೇಲೆ ಐಸಿನಂತಾಗುತ್ತದೆ. ಗೌರಿಕುಂಡದಲ್ಲಿ ಕೋಲು ಕೊಳ್ಳಿ. ನೆಟ್‌ವರ್ಕ್ ಕೈಕೊಟ್ಟರೆ ಯುಪಿಐ ನಡೆಯುವುದಿಲ್ಲ, ನೂರರ ನೋಟುಗಳಿರಲಿ.

ಪ್ರಶ್ನೆ: ನೋಂದಣಿ ಕಡ್ಡಾಯವೇ? ಹೆಲಿಕಾಪ್ಟರ್ ಟಿಕೆಟ್ ಎಲ್ಲಿ? (ಬಳ್ಳಾರಿಯಿಂದ)

ಕಡ್ಡಾಯ. ಉತ್ತರಾಖಂಡ ಸರಕಾರದ ಜಾಲತಾಣದಲ್ಲಿ ದಿನಾಂಕವಾರು ಉಚಿತ ನೋಂದಣಿ. ಆಧಾರ್‌ನಲ್ಲಿರುವಂತೆಯೇ ಹೆಸರು ತುಂಬಿ, ಚೀಟಿಯ ಮುದ್ರಿತ ಪ್ರತಿ ಒಯ್ಯಿರಿ. ಹೆಲಿಕಾಪ್ಟರ್ ಟಿಕೆಟ್ ಐಆರ್‌ಸಿಟಿಸಿಯ ಹೆಲಿಯಾತ್ರಾ ತಾಣದಲ್ಲಿ ಮಾತ್ರ. ನೋಂದಣಿ ಸಂಖ್ಯೆ ಇಲ್ಲದೆ ಅಲ್ಲಿ ಟಿಕೆಟ್ ಸಿಗದು. ವಾಟ್ಸಾಪ್‌ನಲ್ಲಿ ಟಿಕೆಟ್ ಕೊಡಿಸುತ್ತೇವೆ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಗುಪ್ತಕಾಶಿ, ಫಾಟಾ, ಸೇರ್ಸಿಯಿಂದ ಹಾರಾಟವಿದೆ, ಮಂಜು ಕವಿದರೆ ರದ್ದು. ಹಾರಿ ಹೋದವರ ದೇಹಕ್ಕೆ ಎತ್ತರಕ್ಕೆ ಹೊಂದಿಕೊಳ್ಳಲು ಸಮಯವೇ ಸಿಕ್ಕಿರುವುದಿಲ್ಲ. ಅವರು ದರ್ಶನ ಮುಗಿಸಿ ಅಂದೇ ಇಳಿಯುವುದು ಲೇಸು.

ಪ್ರಶ್ನೆ: ಲಿಂಗವನ್ನು ಮುಟ್ಟಿ ಪೂಜಿಸಬಹುದೇ? ಸೋಮವಾರ ಉಪವಾಸವಿದ್ದು ಹತ್ತುವ ಸಂಕಲ್ಪವಿದೆ. ಬಿಲ್ವ ಅಲ್ಲಿ ಸಿಗುತ್ತದೆಯೇ? (ವಿಜಯಪುರದಿಂದ)

ಬೆಳಗಿನ ಹೊತ್ತು ಗರ್ಭಗುಡಿಯೊಳಗೆ ಹೋಗಿ ಆ ತ್ರಿಕೋನದ ಶಿಲೆಗೆ ತುಪ್ಪ ಸವರಿ ನಮಸ್ಕರಿಸುವ ಪದ್ಧತಿಯಿದೆ. ಜನ ಹೆಚ್ಚಾದ ದಿನ ಹೊರಗಿನಿಂದಲೇ ದರ್ಶನ. ಮಧ್ಯಾಹ್ನ ಸುಮಾರು ಮೂರರಿಂದ ಐದರವರೆಗೆ ಬಾಗಿಲು ಹಾಕಿ, ಸಂಜೆ ಶೃಂಗಾರ ದರ್ಶನಕ್ಕೆ ತೆರೆಯುತ್ತಾರೆ. ಆಗ ಮುಟ್ಟುವಂತಿಲ್ಲ. ಮೇಲೆ ಒಂದು ರಾತ್ರಿ ಉಳಿದವರಿಗೆ ಸಂಜೆಯ ಅಲಂಕಾರ, ಬೆಳಗಿನ ನಿಜರೂಪ ಎರಡೂ ಸಿಗುತ್ತವೆ.

ಅಷ್ಟು ಎತ್ತರದಲ್ಲಿ ಬಿಲ್ವದ ಮರ ಬೆಳೆಯುವುದಿಲ್ಲ. ಊರಿನಿಂದಲೇ ಒಯ್ಯಿರಿ, ಸ್ವಲ್ಪ ಒದ್ದೆಯಾದ ಹತ್ತಿಬಟ್ಟೆಯಲ್ಲಿ ಸುತ್ತಿ ಮೇಲೆ ಕಾಗದ ಮಡಚಿ. ಬಾಡಿದರೂ ಚಿಂತೆಯಿಲ್ಲ, ಬಿಲ್ವಕ್ಕೆ ಹಳಸಿದ ದೋಷವಿಲ್ಲವೆಂದು ಶಾಸ್ತ್ರವೇ ಹೇಳುತ್ತದೆ.

ಉಪವಾಸವನ್ನು ಮಾತ್ರ ದಯವಿಟ್ಟು ಬದಲಿಸಿಕೊಳ್ಳಿ. ಖಾಲಿ ಹೊಟ್ಟೆ, ಚಳಿ, ತೆಳುಗಾಳಿ ಮೂರೂ ಸೇರಿದರೆ ತಲೆಸುತ್ತಿ ಬೀಳುವುದು ಕಡಿದಾದ ತಿರುವಿನಲ್ಲೇ. ಹಾಲು, ಬಾಳೆಹಣ್ಣು, ಖರ್ಜೂರದ ಫಲಾಹಾರ ಮಾಡಿ ಹತ್ತಿ, ಕಟ್ಟುನಿಟ್ಟಿನ ಉಪವಾಸವನ್ನು ಊರಿಗೆ ಬಂದ ಮೇಲಿನ ಸೋಮವಾರ ತೀರಿಸಿ. ಶೌಚಾಲಯದ ಚಿಂತೆಗೆ ಹೆಣ್ಣುಮಕ್ಕಳು ನೀರು ಬಿಡುವುದೂ ಇಷ್ಟೇ ಅಪಾಯ. ದಾರಿಯುದ್ದಕ್ಕೂ ಶೌಚಾಲಯಗಳಿವೆ, ದಿನಕ್ಕೆ ಮೂರು ಲೀಟರ್ ನೀರು ಕುಡಿಯಿರಿ.

ಪ್ರಶ್ನೆ: ಅಲ್ಲಿ ಪ್ರಧಾನ ಅರ್ಚಕರು ಕನ್ನಡಿಗರಂತೆ, ನಿಜವೇ? (ದಾವಣಗೆರೆಯಿಂದ)

ನಿಜ. ಕೇದಾರದ ರಾವಲರು, ಅಂದರೆ ಪ್ರಧಾನ ಅರ್ಚಕರು, ಪರಂಪರೆಯಿಂದ ಕರ್ನಾಟಕ ಮೂಲದ ವೀರಶೈವ ಜಂಗಮರು. ವೀರಶೈವರ ಪಂಚಪೀಠಗಳಲ್ಲಿ ಕೇದಾರವೂ ಒಂದು. ನಿತ್ಯಪೂಜೆಯನ್ನು ಅವರ ಪರವಾಗಿ ಶಿಷ್ಯ ಅರ್ಚಕರು ಮಾಡುತ್ತಾರೆ. ದೇವಸ್ಥಾನದ ಹಿಂದೆ ಶಂಕರಾಚಾರ್ಯರ ಸಮಾಧಿಯ ಜಾಗದಲ್ಲಿರುವ 12 ಅಡಿಯ ಮೂರ್ತಿ ಮೈಸೂರಿನ ಅರುಣ್ ಯೋಗಿರಾಜ್ ಕೆತ್ತಿದ್ದು. ಅದು ಅನಾವರಣಗೊಂಡಿದ್ದು 2021ರ ನವೆಂಬರ್ 5ರಂದು.

ಪ್ರಶ್ನೆ: ಮಳೆ ಬಂದು ದಾರಿ ಮುಚ್ಚಿದರೆ? (ಮಂಗಳೂರಿನಿಂದ)

ಪೊಲೀಸರು ತಡೆದರೆ ವಾದಕ್ಕೆ ಇಳಿಯಬೇಡಿ. 2024ರ ಜುಲೈ 31ರ ರಾತ್ರಿಯ ಮಳೆಗೆ ಈ ಕಾಲುದಾರಿ ಹಲವೆಡೆ ಕುಸಿದು ಸಾವಿರಾರು ಜನ ನಡುದಾರಿಯಲ್ಲಿ ಸಿಕ್ಕಿಕೊಂಡಿದ್ದರು. ನಡೆಯುವಾಗ ಮಳೆ ಹಿಡಿದರೆ ಸಡಿಲ ಕಲ್ಲಿನ ಇಳಿಜಾರಿನ ಕೆಳಗೆ ನಿಲ್ಲದೆ ಮುಂದಿನ ಅಂಗಡಿ ಸೇರಿ. ಕಾಯಲು ದಿನ ಉಳಿದಿಲ್ಲವಾದರೆ ಕೇದಾರನ ಚಳಿಗಾಲದ ಪೀಠವಾದ ಊಖೀಮಠದ ಓಂಕಾರೇಶ್ವರ, ಗುಪ್ತಕಾಶಿಯ ವಿಶ್ವನಾಥ, ಶಿವಪಾರ್ವತಿಯರ ಮದುವೆಯಾಯಿತೆನ್ನುವ ತ್ರಿಯುಗಿನಾರಾಯಣ ಈ ಮೂರಕ್ಕೂ ಗಾಡಿ ಹೋಗುತ್ತದೆ. ತ್ರಿಯುಗಿನಾರಾಯಣ ಸೋನಪ್ರಯಾಗದಿಂದ ಹತ್ತಿರವೇ ಇದೆ, ಅಲ್ಲಿನ ಅಖಂಡ ಧುನಿಗೆ, ಅಂದರೆ ಸದಾ ಉರಿಯುವ ಅಗ್ನಿಕುಂಡಕ್ಕೆ, ಒಂದು ಕಟ್ಟಿಗೆ ಹಾಕಿ ಬೂದಿಯನ್ನು ಪ್ರಸಾದವಾಗಿ ತರಬಹುದು.